ಕೋಡ್ ಪುಕ್ಕಟೆ, ಉಳಿದದ್ದಕ್ಕೆ ಯಾರ ಕಾಸು?

ಪ್ರಶ್ನೆ: ನಮ್ಮ ಮನೆ ಕೊಡಿಗೇಹಳ್ಳಿಯಲ್ಲಿ. ಟಾಟಾನಗರದ ಆಧಾರ್ ಕಟ್ಟಡದ ಮುಂದೆಯೇ ದಿನಾ ಓಡಾಡುತ್ತೇವೆ. ‘ಆಫ್ರಿಕಾದ ದೇಶಗಳಿಗೂ ಈಗ ಬೆಂಗಳೂರಿನಿಂದಲೇ ಆಧಾರ್ ಹೋಗುತ್ತಿದೆ’ ಎಂದು ನಮ್ಮ ವಾಕಿಂಗ್ ಗೆಳೆಯರೊಬ್ಬರು ಹೇಳುತ್ತಾರೆ. ಹಾಗಾದರೆ ನಮ್ಮ ಬೆರಳಚ್ಚು, ಕಣ್ಣಿನ ಗುರುತು ಕೂಡ ಅಲ್ಲಿಗೆ ಹೋಗುತ್ತದೆಯೇ? ಇದನ್ನೆಲ್ಲ ಪುಕ್ಕಟೆ ಕೊಟ್ಟರೆ ನಮಗೇನು ಬಂತು? ಆ ದೇಶಗಳ ಬಡವರಿಗಾದರೂ ಇದರಿಂದ ನಾಲ್ಕು ಕಾಸು ಹುಟ್ಟುತ್ತದೆಯೇ?
— ಓದುಗರೊಬ್ಬರು, ಕೊಡಿಗೇಹಳ್ಳಿ

ಉತ್ತರ: ನಿಮ್ಮ ಬೆರಳಚ್ಚು ಎಲ್ಲಿಗೂ ಹೋಗುವುದಿಲ್ಲ. ಅಷ್ಟೇಕೆ, ಆಧಾರ್‌ನ ತಂತ್ರಾಂಶವೂ ಹೋಗುತ್ತಿಲ್ಲ. ನಿಮ್ಮ ಗೆಳೆಯರ ಮಾತಿನಲ್ಲಿ ‘ಬೆಂಗಳೂರಿನಿಂದ’ ಎಂಬುದಷ್ಟೇ ನಿಜ. ದಿಕ್ಕು ಮಾತ್ರ ತಪ್ಪಿದೆ. ನಿಮ್ಮ ಮನೆ ಹತ್ತಿರ ಇರುವುದು ವಿಶಿಷ್ಟ ಗುರುತಿನ ಚೀಟಿ ಪ್ರಾಧಿಕಾರದ ತಂತ್ರಜ್ಞಾನ ಕೇಂದ್ರ. ನೂರಮೂವತ್ತು ಕೋಟಿಗೂ ಹೆಚ್ಚು ಜನರ ಆಧಾರ್ ಮಾಹಿತಿ ಹೆಬ್ಬಾಳದ ಈ ಕಡೆ ಒಂದು, ಹರಿಯಾಣದ ಮಾನೇಸರದಲ್ಲಿ ಇನ್ನೊಂದು ದತ್ತಾಂಶ ಕೇಂದ್ರದಲ್ಲಿದೆ, ಅಲ್ಲೇ ಇರುತ್ತದೆ. ಹೊರದೇಶಗಳು ತೆಗೆದುಕೊಳ್ಳುತ್ತಿರುವುದು ಊರಿನ ಇನ್ನೊಂದು ತುದಿಯ ಸರಕನ್ನು. ಎಲೆಕ್ಟ್ರಾನಿಕ್ಸ್ ಸಿಟಿಯ ಐಐಐಟಿ-ಬೆಂಗಳೂರಿನಲ್ಲಿ 2018ರಲ್ಲಿ ಶುರುವಾದ ಆ ಗುರುತಿನ ವ್ಯವಸ್ಥೆಯ ತಂತ್ರಾಂಶದ ಹೆಸರು ಮೋಸಿಪ್. ಹೆಬ್ಬಾಳ, ಸಿಲ್ಕ್ ಬೋರ್ಡ್ ಎರಡೂ ದಾಟಿ ನೀವು ಅಲ್ಲಿಗೆ ಹೋಗಿ ಮುಟ್ಟುವುದಕ್ಕಿಂತ ಅದು ಮನಿಲಾ ಮುಟ್ಟಿದ್ದೇ ಸಲೀಸೇನೋ.

ಮೋಸಿಪ್ ಅನ್ನು ಬರೆದವರಲ್ಲಿ ಆಧಾರ್‌ನ ಅನುಭವ ಇದ್ದವರಿದ್ದರು, ಆಧಾರ್‌ನ ಪಾಠಗಳೂ ಅದರಲ್ಲಿವೆ. ಆದರೆ ಅದು ಆಧಾರ್‌ನ ನಕಲಲ್ಲ. ಗೇಟ್ಸ್ ಪ್ರತಿಷ್ಠಾನ, ಟಾಟಾ ಟ್ರಸ್ಟ್ಸ್, ಒಮಿಡ್ಯಾರ್ ನೆಟ್‌ವರ್ಕ್ ಹಣ ಹಾಕಿದವು. ಬರೆದ ಕೋಡನ್ನು ಯಾರು ಬೇಕಾದರೂ ನೋಡಬಹುದು, ಇಳಿಸಿಕೊಳ್ಳಬಹುದು, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಮೊದಲು ಕೈ ಜೋಡಿಸಿದ ದೇಶಗಳು ಮೊರಾಕ್ಕೊ ಮತ್ತು ಫಿಲಿಪ್ಪೀನ್ಸ್. ಆಮೇಲೆ ಇಥಿಯೋಪಿಯಾ, ಟೋಗೊ, ಗಿನಿ, ಉಗಾಂಡಾ, ಶ್ರೀಲಂಕಾ ಹೀಗೆ ಪಟ್ಟಿ ಇಪ್ಪತ್ತು ದಾಟಿತು. ಕೆಲವು ಕಡೆ ಇದು ಜಾರಿಯಲ್ಲಿದೆ, ಕೆಲವು ಕಡೆ ಪ್ರಯೋಗದ ಹಂತದಲ್ಲಿದೆ. ಇನ್ನು ಕೆಲವು ಕಡೆ ಒಪ್ಪಂದದ ಫೋಟೊ ಮಾತ್ರ ಬಂದಿದೆ.

ಇದು ಬೇಕಾದದ್ದು ಏಕೆ? ಆಫ್ರಿಕಾದ ಹಲವು ಸರ್ಕಾರಗಳು ಗುರುತಿನ ಚೀಟಿ ವ್ಯವಸ್ಥೆಯನ್ನು ಯುರೋಪಿನ ದೊಡ್ಡ ಬಯೋಮೆಟ್ರಿಕ್ ಕಂಪನಿಗಳಿಂದ ಕೊಂಡು ಕೈ ಸುಟ್ಟುಕೊಂಡಿದ್ದವು. ಯಂತ್ರ ಆ ಕಂಪನಿಯದು, ಬೆರಳಚ್ಚು ಹೋಲಿಸುವ ತಂತ್ರಾಂಶವೂ ಅದರದೇ, ದತ್ತಾಂಶದ ರೂಪವೂ ಅದಕ್ಕೇ ಗೊತ್ತು. ಐದು ವರ್ಷದ ಮೇಲೆ ಬೇರೆಯವರ ಕೈಲಿ ಕೆಲಸ ಮಾಡಿಸೋಣ ಎಂದರೆ ಮೊದಲಿನಿಂದ ಜನರ ಬೆರಳು ಒತ್ತಿಸಬೇಕು. ಮೋಸಿಪ್ ತಪ್ಪಿಸಿದ್ದು ಈ ಹಂಗನ್ನು. ನಡುವಿನ ತಂತ್ರಾಂಶ ಸರ್ಕಾರದ್ದೇ ಆದರೆ ಯಂತ್ರವನ್ನು ಇವತ್ತು ಒಬ್ಬರಿಂದ, ನಾಳೆ ಇನ್ನೊಬ್ಬರಿಂದ ಕೊಳ್ಳಬಹುದು. ಮೊರಾಕ್ಕೊದಲ್ಲಿ ಮೋಸಿಪ್ ಮೇಲೆ ವ್ಯವಸ್ಥೆ ಕಟ್ಟುವ ಕೆಲಸ ಹಿಡಿದದ್ದು ಫ್ರಾನ್ಸಿನ ಐಡೆಮಿಯಾ ಕಂಪನಿ. ಕೋಡ್ ನಮ್ಮೂರಿನದು, ಗುತ್ತಿಗೆ ಪ್ಯಾರಿಸಿನವರದು ಎಂದು ನೀವು ಹುಬ್ಬೇರಿಸಬಹುದು. ಆದರೆ ಯಾರು ಬೇಕಾದರೂ ಗುತ್ತಿಗೆ ಹಿಡಿಯುವಂತಿರಬೇಕು ಎಂಬುದೇ ಮೂಲ ಉದ್ದೇಶವಾಗಿತ್ತಲ್ಲ.

ಗುರುತಿನ ಸಂಖ್ಯೆಗೂ ಬಡವನ ಕಾಸಿಗೂ ಏನು ಸಂಬಂಧ ಎಂದು ಕೇಳಿದ್ದೀರಿ. ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಟೋಗೊದ ಕಥೆ ಕೇಳಿ. 2020ರ ಏಪ್ರಿಲ್‌ನಲ್ಲಿ ಕೊರೊನಾ ಬಂದು ಎಲ್ಲ ಮುಚ್ಚಿದಾಗ ಅಲ್ಲಿನ ಸರ್ಕಾರ ಕೆಲವೇ ದಿನಗಳಲ್ಲಿ ‘ನೊವಿಸ್ಸಿ’ ಎಂಬ ಯೋಜನೆ ತಂದು, ದಿನಗೂಲಿಯವರು, ಬೀದಿ ವ್ಯಾಪಾರಿಗಳು, ಟ್ಯಾಕ್ಸಿ ಓಡಿಸುವವರ ಮೊಬೈಲಿಗೇ ಹಣ ಹಾಕಿತು. ಗಂಡಸರಿಗೆ ತಿಂಗಳಿಗೆ 10,500 ಫ್ರಾಂಕ್, ಹೆಂಗಸರಿಗೆ 12,250. ಮನೆ ನಡೆಸುವವಳು ಅವಳು ಎಂದು ಅವಳಿಗೆ ಹೆಚ್ಚು. ಸ್ಮಾರ್ಟ್‌ಫೋನ್ ಬೇಕಿರಲಿಲ್ಲ, ಗುಂಡಿ ಒತ್ತುವ ಫೋನಿನಲ್ಲೇ ಅರ್ಜಿ ಹಾಕಬಹುದಿತ್ತು. ಆದರೆ ಯಾರು ಯಾರೆಂದು ಗುರುತಿಸುವುದು ಹೇಗೆ? ಎಲ್ಲರಿಗೂ ಇರುವ ಗುರುತಿನ ಚೀಟಿ ಆ ದೇಶದಲ್ಲಿ ಇರಲಿಲ್ಲ. ಆ ವರ್ಷದ ಅಧ್ಯಕ್ಷ ಚುನಾವಣೆಗೆಂದು ಆಗಷ್ಟೇ ಪರಿಷ್ಕರಿಸಿದ ಮತದಾರರ ಪಟ್ಟಿ ಕೈಗೆ ಸಿಕ್ಕಿತು, ಅದರಲ್ಲಿ ಕಸುಬೂ ನಮೂದಾಗಿತ್ತು; ಅದನ್ನೇ ಹಿಡಿದುಕೊಂಡರು. ಪಟ್ಟಿಯಲ್ಲಿ ಹೆಸರಿಲ್ಲದವರು ಹೊರಗುಳಿದರು. ಟೋಗೊ ಆಮೇಲೆ ಮೋಸಿಪ್ ಕಡೆ ನೋಡಿದ್ದಕ್ಕೆ ಈ ಅನುಭವವೂ ಕಾರಣ. ಅಂಥ ಬಿಕ್ಕಟ್ಟಿನಲ್ಲಿ ದುಡ್ಡು ಮಧ್ಯವರ್ತಿಯ ಕೈ ಸೇರದೆ ಬೇಕಾದವರಿಗೇ ತಲುಪುವುದು, ಬ್ಯಾಂಕಿನ ಬಾಗಿಲು ಕಾಣದವಳಿಗೆ ಖಾತೆ ತೆರೆಯಲು ಒಂದು ಪುರಾವೆ ಸಿಗುವುದು: ಲಾಭ ಎಂದರೆ ಇಂಥದ್ದು. ಇದು ಸಣ್ಣದೇನಲ್ಲ.

ಇನ್ನು ‘ಪುಕ್ಕಟೆ’ ಎಂಬ ಮಾತು. ಮನೆಯ ನಕ್ಷೆ ಪುಕ್ಕಟೆ ಸಿಕ್ಕಿತೆಂದು ಮನೆ ಪುಕ್ಕಟೆ ಎದ್ದು ನಿಲ್ಲುವುದಿಲ್ಲ. ಇಟ್ಟಿಗೆ, ಸಿಮೆಂಟು, ಗಾರೆಯವರ ಕೂಲಿ, ಕೊನೆಗೆ ನೀರಿನ ಸಂಪರ್ಕ, ಎಲ್ಲಕ್ಕೂ ಕಾಸು ಬಿಚ್ಚಬೇಕು. ಫಿಲಿಪ್ಪೀನ್ಸಿನಲ್ಲಿ ಕೋಟಿಗಟ್ಟಲೆ ಜನ ಸಾಲಿನಲ್ಲಿ ನಿಂತು ಬೆರಳು ಒತ್ತಿದರು. ತಂತ್ರಾಂಶ ತನ್ನ ಕೆಲಸ ಮಾಡಿತು. ಆದರೆ ಕಾರ್ಡ್ ಮುದ್ರಣ ನಿಂತಲ್ಲೇ ನಿಂತಿತು. ವರ್ಷಗಟ್ಟಲೆ ಕಾದು ಜನರಿಗೆ ಸಾಕಾಗಿ, 2022ರಲ್ಲಿ ಸರ್ಕಾರ ಕಾಗದದ ಮೇಲೆ ಮುದ್ರಿಸಿದ ಚೀಟಿ ಕೊಡಲು ಶುರು ಮಾಡಬೇಕಾಯಿತು. ಇಥಿಯೋಪಿಯಾ ತನ್ನ ‘ಫೈದಾ’ ಗುರುತಿಗೆ ಮೋಸಿಪ್ ಬಳಸುತ್ತದೆ, ತಂತ್ರಾಂಶಕ್ಕೆ ಲೈಸೆನ್ಸ್ ಶುಲ್ಕ ಇಲ್ಲ. ಆದರೂ ಆ ಯೋಜನೆಗೆ 2023ರ ಡಿಸೆಂಬರ್‌ನಲ್ಲಿ ವಿಶ್ವಬ್ಯಾಂಕ್ ಮಂಜೂರು ಮಾಡಿದ್ದು 35 ಕೋಟಿ ಡಾಲರ್. ನೋಂದಣಿ ಕಿಟ್, ಸಿಬ್ಬಂದಿ, ಕರೆಂಟಿಲ್ಲದ ಊರಿಗೆ ಜನರೇಟರ್, ಸರ್ವರ್, ತರಬೇತಿ ಇವುಗಳಿಗೆಲ್ಲ.

ಆ ಅಂಕಿಯ ಪಕ್ಕದಲ್ಲಿ ನಮ್ಮದೊಂದು ಅಂಕಿ ಇಡುತ್ತೇನೆ. ಜಿ-20 ಅಧ್ಯಕ್ಷತೆ ನಮ್ಮದಾಗಿದ್ದ 2023 ನಿಮಗೆ ನೆನಪಿರುತ್ತದೆ. ಆ ಫೆಬ್ರುವರಿ 24, 25ರಂದು ಹಣಕಾಸು ಸಚಿವರು ಮತ್ತು ಕೇಂದ್ರೀಯ ಬ್ಯಾಂಕುಗಳ ಗವರ್ನರುಗಳು ನಂದಿ ಬೆಟ್ಟದ ಬಳಿ ಸಭೆ ಸೇರಿದರು. ಅವರು ಬಂದಿಳಿಯುವ ಹೊತ್ತಿಗೆ ನಮ್ಮ ವಿಮಾನ ನಿಲ್ದಾಣವೂ ಸೇರಿ ಮೂರು ಕಡೆ ಜಿ-20 ದೇಶಗಳ ಪ್ರವಾಸಿಗರಿಗೆ ಯುಪಿಐ ವ್ಯಾಲೆಟ್ ಕೊಡುವ ವ್ಯವಸ್ಥೆ ಆಗಿತ್ತು. ಉಕ್ರೇನ್ ಯುದ್ಧದ ಮೇಲಿನ ಜಟಾಪಟಿಯಿಂದ ಆ ಸಭೆಯಲ್ಲಿ ಜಂಟಿ ಹೇಳಿಕೆಯೇ ಹೊರಡಲಿಲ್ಲ. ಆಗಸ್ಟ್ 19ರಂದು ಬೆಂಗಳೂರಿನಲ್ಲೇ ಸೇರಿದ ಡಿಜಿಟಲ್ ಆರ್ಥಿಕತೆಯ ಸಚಿವರ ಸಭೆ ಮಾತ್ರ ಒಂದು ಫಲ ಕೊಟ್ಟಿತು. ಗುರುತು, ಪಾವತಿ, ದಾಖಲೆ ಹಂಚಿಕೆ ಇಂಥವನ್ನು ರಸ್ತೆ, ನೀರಿನಂತೆ ಸಾರ್ವಜನಿಕ ಸೌಕರ್ಯವೆಂದು ನೋಡುವ ಒಂದು ಚೌಕಟ್ಟಿಗೆ ಶ್ರೀಮಂತ ದೇಶಗಳೂ ಬಡ ದೇಶಗಳೂ ಒಪ್ಪಿದವು. ನವೆಂಬರ್‌ನಲ್ಲಿ ಇದಕ್ಕೆಂದೇ ಒಂದು ನಿಧಿ ಘೋಷಣೆಯಾಯಿತು. ಭಾರತದ ಆರಂಭಿಕ ಪಾಲು ಎರಡೂವರೆ ಕೋಟಿ ಡಾಲರ್. ಇಥಿಯೋಪಿಯಾ ಒಂದಕ್ಕೇ ಬೇಕಾದದ್ದು 35 ಕೋಟಿ. ಇಡೀ ದಕ್ಷಿಣ ಜಗತ್ತಿಗೆಂದು ನಾವು ಇಟ್ಟದ್ದು ಎರಡೂವರೆ. ನೆರೆಯ ಶ್ರೀಲಂಕಾದ ಮಟ್ಟಿಗೆ ನಾವು ಇನ್ನಷ್ಟು ಕೈ ಬಿಚ್ಚಿದ್ದೇವೆ: 2022ರಲ್ಲಿ ಅದರ ಗುರುತಿನ ಯೋಜನೆಗೆ ಅನುದಾನದ ಒಪ್ಪಂದವಾಗಿ, ಮರುವರ್ಷ 45 ಕೋಟಿ ರೂಪಾಯಿಯ ಮುಂಗಡ ಕೊಡಲಾಯಿತು. ಉಳಿದಂತೆ ನಾವು ಧಾರಾಳವಾಗಿರುವುದು ಕೋಡ್‌ನಲ್ಲಿ, ಭಾಷಣದಲ್ಲಿ. ದುಡ್ಡು ಹೆಚ್ಚಾಗಿ ಬರುತ್ತಿರುವುದು ವಿಶ್ವಬ್ಯಾಂಕಿನ ಸಾಲದಿಂದ, ಸಾಲ ತೀರಿಸುವವರು ಆ ದೇಶದವರೇ.

ಆದರೆ ಬೆಂಗಳೂರಿನಿಂದ ಹೊರದೇಶಕ್ಕೆ ಹೋದ ಇನ್ನೊಂದು ಸರಕಿದೆ. ಅದರ ಬಗ್ಗೆ ಸರ್ಕಾರ ಭಾಷಣ ಮಾಡುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, 86ರ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿಗೆ ಹೋದರು. ಅವರ ವಾದ ಸರಳವಾಗಿತ್ತು: ಆಧಾರ್ ಮಸೂದೆ ಸಂಸತ್ತಿನಲ್ಲಿ ಕೂತಿದೆ, ಸ್ಥಾಯಿ ಸಮಿತಿ ಅದನ್ನು ಒಪ್ಪಿಲ್ಲ, ಹಾಗಿರುವಾಗ ಬರೀ ಸರ್ಕಾರಿ ಆದೇಶದ ಮೇಲೆ ಜನರ ಬೆರಳಚ್ಚು ಹೇಗೆ ತೆಗೆದುಕೊಳ್ಳುತ್ತೀರಿ? ಆ ಒಂದು ಅರ್ಜಿಯಿಂದ ಎರಡು ತೀರ್ಪು ಹುಟ್ಟಿದವು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. 2018ರ ಸೆಪ್ಟೆಂಬರ್ 26ರಂದು ನಾಲ್ವರು, ಅಷ್ಟರಲ್ಲಿ ಬಂದಿದ್ದ ಆಧಾರ್ ಕಾಯ್ದೆಯನ್ನು ಎತ್ತಿಹಿಡಿದು, ಖಾಸಗಿ ಕಂಪನಿಗಳು ಆಧಾರ್ ಕೇಳುವುದಕ್ಕೆ ಅವಕಾಶ ಕೊಟ್ಟಿದ್ದ ಭಾಗಕ್ಕೆ ಕತ್ತರಿ ಹಾಕಿದರು. ಐದನೆಯವರಾದ ನ್ಯಾ. ಡಿ.ವೈ. ಚಂದ್ರಚೂಡ್ ಪೂರ್ತಿ ಭಿನ್ನಮತ ಬರೆದರು.

ಭಿನ್ನಮತದ ತೀರ್ಪು ನಮ್ಮಲ್ಲಿ ಜಾರಿಗೆ ಬರುವುದಿಲ್ಲ. ಜಮೈಕಾದಲ್ಲಿ ಬಂತು. ಎಲ್ಲರೂ ಬೆರಳಚ್ಚು ಕೊಡಲೇಬೇಕು, ಕೊಡದವರಿಗೆ ಶಿಕ್ಷೆ ಎಂಬ ಕಾಯ್ದೆಯನ್ನು ಆ ದ್ವೀಪದ ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ರದ್ದು ಮಾಡಿತು, ಮುಖ್ಯ ನ್ಯಾಯಮೂರ್ತಿ ಬ್ರಯಾನ್ ಸೈಕ್ಸ್ ತಮ್ಮ ತೀರ್ಪಿನಲ್ಲಿ ಚಂದ್ರಚೂಡರ ಭಿನ್ನಮತವನ್ನು ಆಧಾರವಾಗಿ ಹಿಡಿದರು. ಎರಡು ವರ್ಷದ ಮೇಲೆ ಜಮೈಕಾ ಹೊಸ ಕಾಯ್ದೆ ತಂದಾಗ ನೋಂದಣಿಯನ್ನು ಐಚ್ಛಿಕ ಮಾಡಿತು. ಕೆನ್ಯಾದಲ್ಲೂ ಹೀಗೇ. ಅಲ್ಲಿನ ‘ಹುಡುಮಾ ನಂಬಾ’ ಯೋಜನೆ ಡಿಎನ್‌ಎ ಕೂಡ ಕೇಳುವ ಅಧಿಕಾರ ಇಟ್ಟುಕೊಂಡಿತ್ತು. ಹುಟ್ಟಿದ ದಾಖಲೆಯೇ ಇಲ್ಲದ ನುಬಿಯನ್ ಸಮುದಾಯದವರು, ನಮ್ಮನ್ನು ಇನ್ನಷ್ಟು ಹೊರಗೆ ತಳ್ಳುತ್ತೀರಿ ಎಂದು ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ, 2019ರ ನವೆಂಬರ್‌ನಲ್ಲಿ, ಸರ್ಕಾರ ಗಡಿಬಿಡಿಯಿಂದ ದತ್ತಾಂಶ ರಕ್ಷಣೆಯ ಕಾಯ್ದೆ ಮಾಡಿತು. 2020ರ ಜನವರಿಯಲ್ಲಿ ಡಿಎನ್‌ಎ ಭಾಗ ಬಿದ್ದುಹೋಯಿತು. 2021ರ ಅಕ್ಟೋಬರ್‌ನಲ್ಲಿ, ಜನರ ಮಾಹಿತಿಗೆ ಏನು ಅಪಾಯ ಎಂಬ ಪರಿಶೀಲನೆಯನ್ನೇ ಮಾಡದೆ ಕಾರ್ಡ್ ಹಂಚಿದ್ದು ಕಾನೂನುಬಾಹಿರ ಎಂದು ಹೈಕೋರ್ಟ್ ಹೇಳಿತು. ಈ ಯೋಜನೆಗಳು ಮೋಸಿಪ್‌ನವಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆದರೆ ಎರಡೂ ಕಡೆಯ ಕೋರ್ಟುಗಳಲ್ಲಿ ನಮ್ಮ ಆಧಾರ್ ತೀರ್ಪಿನ ಚರ್ಚೆ ನಡೆಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು. ಅಭಿವೃದ್ಧಿಶೀಲ ದೇಶಗಳ ಡಿಜಿಟಲ್ ಬದುಕಿಗೆ ನಮ್ಮ ರಾಜ್ಯ ಕೊಟ್ಟ ಅತಿ ದೊಡ್ಡ ನೆರವು ಯಾವುದು ಎಂದು ಯಾರಾದರೂ ಕೇಳಿದರೆ, ನಾನು ಮೋಸಿಪ್‌ಗಿಂತ ಮೊದಲು ಆ ರಿಟ್ ಅರ್ಜಿಯ ಹೆಸರು ಹೇಳುತ್ತೇನೆ.

ಅದನ್ನು ಹೇಳುವಾಗ ನಮ್ಮ ಮನೆಯ ಸ್ಥಿತಿಯನ್ನೂ ಹೇಳಬೇಕಲ್ಲ. ಖಾಸಗಿತನದ ತೀರ್ಪು 2017ರದು. ದತ್ತಾಂಶ ರಕ್ಷಣೆಯ ಕಾಯ್ದೆ ಬಂದದ್ದು 2023ರ ಆಗಸ್ಟ್‌ನಲ್ಲಿ, ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮೊದಲು ಜನರ ಮಾಹಿತಿ ಕೂಡಿಸು, ಕಾನೂನು ಆಮೇಲೆ ನೋಡೋಣ ಎಂಬ ಕ್ರಮವನ್ನೂ ಹೊರಗಿನವರು ನಮ್ಮನ್ನು ನೋಡಿ ಕಲಿತರೆ ಅದು ಸಹಕಾರವಲ್ಲ, ಅಪಕಾರ.

ಪಾವತಿಯ ಕಥೆ ಸ್ವಲ್ಪ ಬೇರೆ. ಈ ವಿಷಯದಲ್ಲಿ ನಾವು ಜಗದ್ಗುರುಗಳೆಂದು ಎದೆಯುಬ್ಬಿಸುವ ಮೊದಲು ಕೆನ್ಯಾದ ಎಂ-ಪೆಸಾ ನೆನೆಯಬೇಕು. ಮೊಬೈಲಿನಿಂದ ಮೊಬೈಲಿಗೆ ಹಣ ಕಳಿಸುವುದನ್ನು ಆ ದೇಶ 2007ರಲ್ಲೇ ರೂಢಿ ಮಾಡಿಕೊಂಡಿತು. ಅದರ ಪ್ರಯೋಗಕ್ಕೆ ಬ್ರಿಟನ್ನಿನ ನೆರವು ಇಲಾಖೆ ಸುಮಾರು ಹತ್ತು ಲಕ್ಷ ಪೌಂಡ್ ಕೊಟ್ಟಿತ್ತು, ವೊಡಾಫೋನ್ ಅಷ್ಟೇ ಹಾಕಿತ್ತು. ಅಂತಾರಾಷ್ಟ್ರೀಯ ನೆರವಿನ ಸಣ್ಣ ಮೊತ್ತವೊಂದು ಇಷ್ಟು ದೊಡ್ಡದಾಗಿ ಬೆಳೆದ ಉದಾಹರಣೆ ಕಡಿಮೆ. ನಮ್ಮ ಯುಪಿಐ ಬಂದದ್ದು 2016ರ ಏಪ್ರಿಲ್‌ನಲ್ಲಿ. ಈಗ ತಿಂಗಳ ವಹಿವಾಟುಗಳ ಸಂಖ್ಯೆ ಎರಡು ಸಾವಿರ ಕೋಟಿ ದಾಟಿದೆ. ಭೂತಾನ್, ನೇಪಾಳ, ಶ್ರೀಲಂಕಾ, ಮಾರಿಷಸ್‌ನಲ್ಲಿ ನಮ್ಮ ಆ್ಯಪ್‌ಗಳಿಂದ ಹಣ ಕೊಡಬಹುದು. ನಮೀಬಿಯಾ, ಪೆರು ದೇಶಗಳು ತಮ್ಮದೇ ಯುಪಿಐ ಕಟ್ಟಿಕೊಳ್ಳಲು 2024ರಲ್ಲಿ ಒಪ್ಪಂದ ಮಾಡಿಕೊಂಡವು.

ನಿಮ್ಮ ಕಡೆಯ ಮನೆಗಳಿಗೆ ನಿಜವಾದ ಲಾಭ ಇರುವುದು ಇನ್ನೊಂದು ಕಡೆ. ಆರ್.ಟಿ. ನಗರದಲ್ಲಿ ಗಲ್ಫ್‌ನಿಂದ ಬರುವ ಹಣದ ಮೇಲೆ ನಡೆಯುವ ಸಂಸಾರಗಳಿವೆ. ಜಗತ್ತಿನಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ 200 ಡಾಲರ್ ಕಳಿಸಲು ಸರಾಸರಿ ಶೇ 6ಕ್ಕಿಂತ ಹೆಚ್ಚು ಖರ್ಚಾಗುತ್ತದೆ ಎಂದು ವಿಶ್ವಬ್ಯಾಂಕ್ ಲೆಕ್ಕ ಹೇಳುತ್ತದೆ. 2030ರೊಳಗೆ ಅದನ್ನು ಶೇ 3ರೊಳಗೆ ತರಬೇಕೆಂದು ವಿಶ್ವಸಂಸ್ಥೆಯ ಗುರಿ. 2023ರ ಫೆಬ್ರುವರಿ 21ರಂದು ನಮ್ಮ ಯುಪಿಐಗೂ ಸಿಂಗಪುರದ ಪಾವತಿ ವ್ಯವಸ್ಥೆ ಪೇನೌಗೂ ಕೊಂಡಿ ಬಿತ್ತು. ಯುಎಇ ಜತೆ ಇಂಥದ್ದೇ ಕೊಂಡಿಗೆ ಅದೇ ವರ್ಷದ ಜುಲೈಯಲ್ಲಿ ಕೇಂದ್ರೀಯ ಬ್ಯಾಂಕುಗಳು ಸಹಿ ಹಾಕಿದವು. ಎರಡೆರಡೇ ದೇಶ ಕೂತು ಕೊಂಡಿ ಹಾಕುತ್ತಾ ಹೋದರೆ ಮುಗಿಯುವ ಕೆಲಸವಲ್ಲ. ಅದಕ್ಕೇ ಭಾರತ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ, ಥಾಯ್ಲೆಂಡ್ ಸೇರಿ ‘ನೆಕ್ಸಸ್’ ಎಂಬ ಒಂದೇ ವೇದಿಕೆ ಕಟ್ಟುತ್ತಿವೆ. ನಮ್ಮ ರಿಸರ್ವ್ ಬ್ಯಾಂಕ್ ಅದಕ್ಕೆ ಸೇರಿದ್ದು 2024ರಲ್ಲಿ. ಭಾಷಣದ ಅಬ್ಬರವಿಲ್ಲದ, ಗುಮಾಸ್ತಿಕೆ ಹೆಚ್ಚಿರುವ ಈ ಕೆಲಸದ ಮೇಲೆ ನನಗೆ ಉಳಿದೆಲ್ಲಕ್ಕಿಂತ ಭರವಸೆ.

ಯುಪಿಐ ನಕಲು ಮಾಡಹೊರಟ ದೇಶಗಳಿಗೆ ಎರಡು ವಿಷಯ ನಾವೇ ಹೇಳಬೇಕು. ಒಂದು, ಇದೂ ಪುಕ್ಕಟೆಯಲ್ಲ. 2020ರ ಜನವರಿಯಿಂದ ಅಂಗಡಿಯವರು ಯುಪಿಐಗೆ ಶುಲ್ಕ ಕೊಡುವಂತಿಲ್ಲ, ಸರಿ. ಆದರೆ ಬ್ಯಾಂಕುಗಳ ಖರ್ಚಿಗೆ ಕೇಂದ್ರ ಸರ್ಕಾರ ಬೊಕ್ಕಸದಿಂದ ಕೊಡುತ್ತದೆ, 2024-25ರ ಬಾಬ್ತು ಸುಮಾರು 1,500 ಕೋಟಿ ರೂಪಾಯಿ. ನಮೀಬಿಯಾದಂಥ ಪುಟ್ಟ ದೇಶ ಅದನ್ನು ಎಲ್ಲಿಂದ ತರಬೇಕು?

ಎರಡನೆಯದನ್ನು ನೀವೇ ಕಣ್ಣಾರೆ ಕಂಡಿದ್ದೀರಿ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ, ಸೇವೆ 20 ಲಕ್ಷ ದಾಟಿದರೆ ನೋಂದಣಿ ಬೇಕು ಎಂಬುದು ಕಾನೂನು, ಅದರಲ್ಲಿ ತಕರಾರಿಲ್ಲ. ಆದರೆ ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರಿದವರಿಗೂ, ನೆಂಟರಿಗೆ ಕೊಟ್ಟ ಕೈಸಾಲ ಖಾತೆಗೆ ವಾಪಸ್ ಬಂದವರಿಗೂ ವಿವರಣೆ ಕೊಡುವ ಪಾಡು ಬಂತು. ಯಶವಂತಪುರದಿಂದ ಯಲಹಂಕದವರೆಗೆ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ಕ್ಯೂಆರ್ ಹಾಳೆ ಹರಿದುಹೋಗಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ರಟ್ಟು ಬಂತು. 25ರಂದು ಬಂದ್‌ಗೆ ಕರೆ ಹೋಯಿತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕೂರಿಸಿಕೊಂಡು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದ ಮೇಲೆ ಬಂದ್ ನಿಂತಿತು. ಒಂಬತ್ತು ವರ್ಷ ಕಟ್ಟಿದ ನಂಬಿಕೆ ಒಂದು ವಾರದಲ್ಲಿ ಅಲುಗಾಡಿತು, ಅದೂ ದೇಶದ ಐಟಿ ರಾಜಧಾನಿಯಲ್ಲಿ. ಕೋಡ್‌ನಲ್ಲಿ ಒಂದು ಸಾಲಿನ ತಪ್ಪೂ ಇರಲಿಲ್ಲ. ಹೊರದೇಶದ ನಿಯೋಗಗಳು ಬೆಂಗಳೂರಿಗೆ ಬಂದಾಗ ಗಾಜಿನ ಕಟ್ಟಡಗಳ ಜತೆಗೆ ಅಂಥ ಒಂದು ಕಾಂಡಿಮೆಂಟ್ಸ್ ಅಂಗಡಿಗೂ ಕರೆದುಕೊಂಡು ಹೋಗಿ, ಆ ಅಂಗಡಿಯವರ ಮಾತು ಕೇಳಿಸಬೇಕು.

ನಮಗೇನು ಬಂತು ಎಂದಿರಿ. ಲೆಕ್ಕ ಹಾಕಿದರೆ ನೇರ ವರಮಾನ ಅಲ್ಪ. ನಮ್ಮ ಕಂಪನಿಗಳಿಗೆ ಒಂದಿಷ್ಟು ಗುತ್ತಿಗೆ, ಇಲ್ಲಿ ಓದಿದ ಹುಡುಗ ಹುಡುಗಿಯರಿಗೆ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲೋ ಟೋಗೊದ ಲೋಮೆಯಲ್ಲೋ ಕೆಲಸ, ಮೇಜಿನ ಸುತ್ತ ಕೂತಾಗ ನಮ್ಮ ಮಾತಿಗೊಂದು ತೂಕ. ಗಲ್ಫ್‌ನ ಹಣ ಅಗ್ಗವಾಗಿ ಬಂದರೆ ಅದು ನೇರ ಲಾಭ. ಮತ್ತೊಂದು ಲಾಭವನ್ನು ಯಾರೂ ಎಣಿಸುವುದಿಲ್ಲ: ಮೋಸಿಪ್‌ನ ಕೋಡನ್ನು ಹೊರಗಿನವರು ಬಿಚ್ಚಿ ನೋಡುತ್ತಾರೆ, ತಪ್ಪು ಹುಡುಕುತ್ತಾರೆ. ಆಧಾರ್‌ನ ಕೋಡಿಗೆ ಆ ಭಾಗ್ಯ ಇಲ್ಲ. ಬೇರೆ ದೇಶದವರಿಗೆ ತೆರೆದಿಟ್ಟಷ್ಟನ್ನು ನಮ್ಮ ಜನಕ್ಕೂ ತೆರೆದಿಡಿ ಎಂದು ಕೇಳಲು ನಮಗೆ ಹಕ್ಕಿದೆ.

ಕೊನೆಗೆ ನಿಮ್ಮ ಬೆರಳಚ್ಚಿನ ಚಿಂತೆಗೆ ಒಂದು ಉಪಾಯ. ಆಧಾರ್ ಆ್ಯಪ್‌ನಲ್ಲಿ ನಿಮ್ಮ ಬಯೋಮೆಟ್ರಿಕ್ ಲಾಕ್ ಮಾಡಿಟ್ಟು, ರೇಷನ್‌ಗೋ ಪಿಂಚಣಿಗೋ ಬೇಕಾದಾಗ ಮಾತ್ರ ತೆರೆಯಬಹುದು. ಆಧಾರ್ ಬಗ್ಗೆ ದೂರಿದ್ದರೆ 1947ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲಿ ಮಾತನಾಡಬಹುದು.